ಪರ್ಲ್ ಭಾಷೆಯ ವಿಶೇಷ ಸಂಜ್ಞೆಗಳು: ಲಾಘವ ಮತ್ತು ಅಧಿಕಾರ

ಪರ್ಲ್ ಎಂಬ ಗಣಕಭಾಷೆಯನ್ನು ದೂಷಿಸತಕ್ಕವರು ಮೊದಲು ಬೆರಳಿಟ್ಟು ತೋರಿಸುವುದು ಅದರ ವಿರಾಮಚಿಹ್ನೆಗಳನ್ನು. ಆ ಭಾಷೆಯಲ್ಲಿ ಡಾಲರ್ ಗುರುತನ್ನು ಹಿಂಬಾಲಿಸಿ ಒಂದು ಅಡಿಗೆರೆಯೋ ಓರೆಗೆರೆಯೋ ಅಲ್ಪವಿರಾಮವೋ ಆಶ್ಚರ್ಯಸೂಚಕವೋ ಬಂದರೆ ಅಷ್ಟೇ ಒಂದು ಪೂರ್ಣವಾದ ಹೆಸರಾಗುವುದುಂಟು. ಇವುಗಳಿಗೆ ವಿಶೇಷ ಚರಗಳೆಂದು ವ್ಯವಹಾರ. ಚರವೆಂದರೆ ಕ್ರಮವಿಧಿಯೊಳಗೆ ಯಾವುದಾದರೊಂದು ಬೆಲೆಯನ್ನು ಹಿಡಿದಿಟ್ಟುಕೊಂಡಿರುವ ಹೆಸರು. ಸಾಮಾನ್ಯ ಚರಕ್ಕೆ ಹೆಸರಿಡುವವನು ಕ್ರಮವಿಧಿಯನ್ನು ಬರೆಯುವವನು. ವಿಶೇಷ ಚರಕ್ಕಾದರೋ ಭಾಷೆಯೇ ಹೆಸರಿಟ್ಟಿರುತ್ತದೆ, ಭಾಷೆಯೇ ಬೆಲೆಯನ್ನು ತುಂಬುತ್ತದೆ, ಅಥವಾ ಅದರಲ್ಲಿ ಬರೆಯುವವನು ತುಂಬಿದ ಬೆಲೆಯನ್ನು ನೋಡಿ ತನ್ನ ನಡೆಯನ್ನೇ ಬದಲಿಸಿಕೊಳ್ಳುತ್ತದೆ. ವ್ಯಾಕರಣಶಾಸ್ತ್ರದಲ್ಲಿ ಪರಿಚಯವುಳ್ಳವರಿಗೆ ಇದು ಹೊಸತಲ್ಲ. ಶಾಸ್ತ್ರಕಾರನು ಟಿ, ಘು, ಭ ಎಂಬ ಸಂಜ್ಞೆಗಳನ್ನು ತಾನೇ ಮಾಡಿ ತನ್ನ ಶಾಸ್ತ್ರದೊಳಗೆ ನಡೆಸುವಂತೆಯೇ ಇದೂ.

ದೂಷಕರ ಮತವೇನೆಂದರೆ, ಈ ಸಂಜ್ಞೆಗಳು ಅತಿ ಹ್ರಸ್ವವಾಗಿವೆ, ನೋಡಿದೊಡನೆ ಅರ್ಥವಾಗುವುದಿಲ್ಲ, ಆದುದರಿಂದಲೇ ಆ ಭಾಷೆಯಲ್ಲಿ ಬರೆದ ಕ್ರಮವಿಧಿಗಳಲ್ಲಿ ತಪ್ಪುಗಳು ಹುಟ್ಟುತ್ತವೆ ಎಂಬುದು. ಇದನ್ನು ಪೂರ್ವಪಕ್ಷವಾಗಿ ಇಟ್ಟುಕೊಂಡು, ೧೯೮೭ರಿಂದ ಈಚೆಗೆ ಯಾವ ಸಂಜ್ಞೆಗಳು ಉಳಿದವು, ಯಾವುವು ಕಳಚಿಬಿದ್ದವು, ಏಕೆ, ಎಂಬುದನ್ನು ಪರಿಶೀಲಿಸಿದರೆ ಬೇರೊಂದು ಸಿದ್ಧಾಂತವು ದೊರೆಯುತ್ತದೆ.

ಪರ್ಲ್ ಭಾಷೆಯ ಸಂಜ್ಞೆಗಳಲ್ಲಿ ಬಹುಭಾಗವು ಎರವಲು. ಯೂನಿಕ್ಸ್ ವ್ಯವಸ್ಥೆಯ ಏಳನೆಯ ಆವೃತ್ತಿಯು ೧೯೭೯ರಲ್ಲಿ ಹೊರಟಿತು. ಅದರಲ್ಲಿ ಸ್ಟೀಫನ್ ಬೋರ್ನ್ ಅವರು ರಚಿಸಿದ ಶೆಲ್ ಇದ್ದಿತು. ಬಳಕೆದಾರನ ಅಪ್ಪಣೆಗಳನ್ನು ಕೇಳಿ ನಡೆಸುವ ಭಾಷೆಗೆ ಶೆಲ್ ಎಂದು ಹೆಸರು. ಹಿಂದಿನ ಅಪ್ಪಣೆಯು ಸಫಲವಾಯಿತೇ ಇಲ್ಲವೇ ಎಂಬುದನ್ನು ಆ ಶೆಲ್ಲಿನಲ್ಲಿ ‘$?’ ಎಂಬುದು ಹೇಳುತ್ತದೆ. ನಡೆಯುತ್ತಿರುವ ಶೆಲ್ಲಿನ ಕ್ರಮಸಂಖ್ಯೆಯನ್ನು ‘$$’ ಎಂಬುದು ಹೇಳುತ್ತದೆ. ಅಪ್ಪಣೆಯೊಂದಿಗೆ ಬಂದ ಪದಗಳು ಎಷ್ಟೆಂಬುದನ್ನು ‘$#’ ಹೇಳುತ್ತದೆ. ಅದಕ್ಕೆ ಎರಡು ವರ್ಷ ಮೊದಲು, ೧೯೭೭ರಲ್ಲಿ, ಬೆಲ್ ಪ್ರಯೋಗಶಾಲೆಯಲ್ಲಿ ಆಹೊ, ವೈನ್‌ಬರ್ಗರ್, ಕರ್ನಿಘನ್ ಎಂಬ ಮೂವರು ಸೇರಿ ಆಕ್ ಎಂಬ ಭಾಷೆಯನ್ನು ಮಾಡಿದ್ದರು. ಮೂವರ ಕುಲನಾಮಗಳ ಮೊದಲಕ್ಷರಗಳನ್ನು ಕೂಡಿಸಿದರೆ ಆಕ್ ಆಗುತ್ತದೆ. ಭಾಷೆಯ ಹೆಸರೇ ಒಂದು ಸಂಕ್ಷೇಪಸಂಜ್ಞೆಯಾದುದು ವಿನೋದವಾಗಿದೆ. ಆಕ್ ಭಾಷೆಯವರು ಚಿಹ್ನೆಗಳನ್ನಲ್ಲ, ಅಕ್ಷರಗಳನ್ನು ಆರಿಸಿಕೊಂಡರು. ಎಷ್ಟು ದಾಖಲೆಗಳನ್ನು ಓದಿದ್ದಾಯಿತು ಎಂಬುದಕ್ಕೆ ಎನ್‌ಆರ್, ಈ ದಾಖಲೆಯಲ್ಲಿ ಎಷ್ಟು ಅಂಕಣಗಳಿವೆ ಎಂಬುದಕ್ಕೆ ಎನ್‌ಎಫ್, ಅಂಕಣಗಳನ್ನು ಬೇರ್ಪಡಿಸುವ ಗುರುತಿಗೆ ಎಫ್‌ಎಸ್, ಹೀಗೆ. ಇವು ಅನ್ವರ್ಥಸಂಜ್ಞೆಗಳ ಸಂಕ್ಷೇಪಗಳು, ದೂಷಕರಿಗೆ ಒಪ್ಪತಕ್ಕವು. ಆದರೂ ಇವುಗಳಲ್ಲಿ ಒಂದು ಕುಂದುಂಟು. ದೊಡ್ಡಕ್ಷರದ ಎನ್‌ಆರ್ ಎಂಬುದರ ಬದಲಾಗಿ ಯಾರಾದರೂ ಮರೆತು ಸಣ್ಣಕ್ಷರದಲ್ಲಿ ಬರೆದರೆ ಆಕ್ ತಪ್ಪೆಂದು ಹೇಳುವುದಿಲ್ಲ. ಅದನ್ನು ಹೊಸದೊಂದು ಚರವೆಂದು ತಿಳಿದು, ಅದರಲ್ಲಿ ಏನೂ ಇಲ್ಲವೆಂದು ಮೌನವಾಗಿ ಮುಂದುವರಿಯುತ್ತದೆ.

ಡಾಲರ್ ಗುರುತಿನ ಮುಂದೆ ಸೊನ್ನೆಯನ್ನಿಟ್ಟರೆ ಶೆಲ್ಲಿನಲ್ಲಿ ಅದು ನಡೆಯುತ್ತಿರುವ ಅಪ್ಪಣೆಯ ಹೆಸರು. ಆಕ್‌ನಲ್ಲಿ ಅದೇ ಗುರುತು ಓದಿದ ಇಡೀ ದಾಖಲೆ. ಒಂದನ್ನಿಟ್ಟರೆ ಶೆಲ್ಲಿನಲ್ಲಿ ಮೊದಲನೆಯ ಪದ, ಆಕ್‌ನಲ್ಲಿ ಮೊದಲನೆಯ ಅಂಕಣ. ಮುಂದೆ ಬಂದ ಪರ್ಲ್‌ನಲ್ಲಿ ಅದು ಮಾದರಿಯೊಂದನ್ನು ಹೋಲಿಸಿದಾಗ ಮೊದಲನೆಯ ಆವರಣದೊಳಗೆ ಸಿಕ್ಕಿದ ಭಾಗ. ಒಂದೇ ಗುರುತು, ಮೂರು ದೇಶಗಳಲ್ಲಿ ಮೂರು ಅರ್ಥ. ಮಾಹೇಶ್ವರಸೂತ್ರಗಳಲ್ಲಿ ಮೊದಲನೆಯದರ ಕೊನೆಗೂ ಆರನೆಯದರ ಕೊನೆಗೂ ಣಕಾರವೇ ಅನುಬಂಧವಾಗಿರುವುದರಿಂದ ಅಣ್ ಎಂಬ ಪ್ರತ್ಯಾಹಾರವು ಎಲ್ಲಿಯವರೆಗಿನದು ಎಂಬ ಸಂದೇಹವುಂಟಾಗಿ, ಭಾಷ್ಯಕಾರರು ವ್ಯಾಖ್ಯಾನದ ಬಲದಿಂದಲೇ ಅದನ್ನು ಪರಿಹರಿಸಬೇಕಾಯಿತಷ್ಟೆ. ಗಣಕಭಾಷೆಗಳಲ್ಲಿಯೂ ಗುರುತನ್ನು ಬಲ್ಲವನು ಗೆಲ್ಲುವುದಿಲ್ಲ. ಗುರುತು ಯಾವ ಶಾಸ್ತ್ರದೊಳಗೆ ನಿಂತಿದೆ ಎಂಬುದನ್ನು ಬಲ್ಲವನು ಗೆಲ್ಲುತ್ತಾನೆ.

ಲ್ಯಾರಿ ವಾಲ್ ಅವರು ಪರ್ಲ್ ಭಾಷೆಯ ಮೊದಲನೆಯ ಆವೃತ್ತಿಯನ್ನು ೧೯೮೭ನೆಯ ಡಿಸೆಂಬರ್ ೧೮ರಂದು ಹೊರಗೆಡವಿದರು. ಹಲವು ಕಡತಗಳಿಂದ ವಿಷಯವನ್ನು ಆಯ್ದು ವರದಿ ತಯಾರಿಸುವ ಕೆಲಸಕ್ಕೆ ಆಕ್ ಸಾಲದೆ ಬಂದುದೇ ಇದಕ್ಕೆ ಕಾರಣ. ವಾಲ್ ಅವರು ಭಾಷಾಶಾಸ್ತ್ರವನ್ನು ಅಭ್ಯಾಸಮಾಡಿದವರು. ಲಿಪಿಯಿಲ್ಲದ ಯಾವುದಾದರೊಂದು ಭಾಷೆಗೆ ಲಿಪಿಯನ್ನು ಕಲ್ಪಿಸಬೇಕೆಂಬುದು ಅವರ ತಾರುಣ್ಯದ ಸಂಕಲ್ಪವಾಗಿದ್ದಿತು. ಅದು ಕೈಗೂಡಲಿಲ್ಲ. ಆದರೆ ಆ ಅಭ್ಯಾಸದ ಮುದ್ರೆಯು ಪರ್ಲ್‌ನ ಮೇಲೆ ಸ್ಪಷ್ಟವಾಗಿ ಬಿದ್ದಿದೆ. ಅವರು ಶೆಲ್ಲಿನಿಂದ ‘$$’, ‘$?’ ಮುಂತಾದುವನ್ನು ಅರ್ಥಸಹಿತವಾಗಿ ತೆಗೆದುಕೊಂಡರು. ಆಕ್‌ನಿಂದ ಅರ್ಥಗಳನ್ನು ತೆಗೆದುಕೊಂಡು ಅಕ್ಷರಗಳನ್ನು ಬಿಟ್ಟು ಚಿಹ್ನೆಗಳನ್ನು ಕೊಟ್ಟರು. ಚಿಹ್ನೆಯಿಂದಾದ ಹೆಸರು ಬರೆಯುವವನ ಸ್ವಂತ ಹೆಸರುಗಳೊಡನೆ ಎಂದಿಗೂ ಬೆರೆಯುವುದಿಲ್ಲವಾದುದರಿಂದ ಎನ್‌ಆರ್‌ಗೆ ಬಂದ ಕುಂದು ಇದಕ್ಕೆ ಬಾರದು.

ಪರ್ಲ್‌ನ ಕೈಪಿಡಿಯಲ್ಲಿ ಬಹುತೇಕ ಪ್ರತಿಯೊಂದು ವಿಶೇಷ ಸಂಜ್ಞೆಯ ಕೆಳಗೂ ಅದನ್ನು ನೆನಪಿಟ್ಟುಕೊಳ್ಳುವ ಉಪಾಯವೊಂದನ್ನು ಬರೆದಿದೆ. ದಾಖಲೆಗಳನ್ನು ಬೇರ್ಪಡಿಸುವ ಗುರುತು ಯಾವುದೆಂಬುದು ‘$/’ ಎಂಬುದರಲ್ಲಿರುತ್ತದೆ. ಏಕೆಂದರೆ ಇಂಗ್ಲಿಷಿನವರು ಪದ್ಯವನ್ನು ಗದ್ಯದ ನಡುವೆ ಉದಾಹರಿಸುವಾಗ ಪಾದಪಾದಕ್ಕೂ ನಡುವೆ ಓರೆಗೆರೆಯನ್ನು ಎಳೆಯುವ ವಾಡಿಕೆಯುಂಟು. ದೋಷದ ವಿವರವು ‘$!’ ಎಂಬುದರಲ್ಲಿ, ಢಮ್ಮೆಂದು ಸಿಡಿದುದೇನು ಎಂದು ಆಶ್ಚರ್ಯಪಟ್ಟಂತೆ. ಕ್ರಮವಿಧಿಯನ್ನು ನಡೆಸುವವನು ಬೇರೊಬ್ಬನ ಅಧಿಕಾರವನ್ನು ಧರಿಸಿಕೊಂಡಾಗ, ಎಲ್ಲಿಂದ ಬಂದ ಎಂಬುದು ‘$<’, ಎಲ್ಲಿಗೆ ಹೋದ ಎಂಬುದು ‘$>’. ಈ ರೀತಿಯು ಕನ್ನಡ ನಾಡಿನ ಪಂಡಿತರಿಗೆ ಒಂದು ಹಳೆಯ ವ್ಯಾಕರಣವನ್ನು ಜ್ಞಾಪಕಕ್ಕೆ ತರದೆ ಇರದು. ದೇವನಂದಿ ಪೂಜ್ಯಪಾದರು ಜೈನೇಂದ್ರ ವ್ಯಾಕರಣದಲ್ಲಿ ಲಾಘವವನ್ನು ಪಾಣಿನಿಗಿಂತಲೂ ಮುಂದಕ್ಕೊಯ್ದವರು. ಏಳು ವಿಭಕ್ತಿಗಳಿಗೆ ಹೆಸರಿಡಬೇಕಾದಾಗ ‘ವಿಭಕ್ತೀ’ ಎಂಬ ಪದವನ್ನೇ ಬಿಡಿಸಿ, ಅದರ ವ್ಯಂಜನಗಳಿಗೆ ಆಕಾರವನ್ನೂ ಸ್ವರಗಳಿಗೆ ಪಕಾರವನ್ನೂ ಸೇರಿಸಿ, ವಾ, ಇಪ್, ಭಾ, ಅಪ್, ಕಾ, ತಾ, ಈಪ್ ಎಂದು ಕ್ರಮವಾಗಿ ಇಟ್ಟರು. ಬಿಡಿಯಾಗಿ ನೋಡಿದವನಿಗೆ ಇವು ಅರ್ಥವಿಲ್ಲದ ಧ್ವನಿಗಳು. ಮೂಲಪದವನ್ನು ಬಲ್ಲವನಿಗೆ ಏಳೂ ಒಂದೇ ಉಸಿರಿನಲ್ಲಿ ಬರುತ್ತವೆ. ಇದು ಋಣದ ಮಾತಲ್ಲ, ಸಾಮ್ಯದ ಮಾತು. ಹ್ರಸ್ವಸಂಜ್ಞೆಯನ್ನು ಮಾಡಿದವರೆಲ್ಲರೂ ಅದನ್ನು ನೆನೆಯುವ ದಾರಿಯನ್ನೂ ಹಾಕಿಕೊಡಬೇಕಾಗುತ್ತದೆ.

ಪೂರ್ವಪಕ್ಷದವರಿಗೆ ತಮ್ಮ ಮತವನ್ನು ಪರೀಕ್ಷಿಸುವ ಅವಕಾಶವೂ ದೊರೆಯಿತು. ೧೯೯೪ನೆಯ ಅಕ್ಟೋಬರಿನಲ್ಲಿ ಹೊರಟ ಐದನೆಯ ಆವೃತ್ತಿಯೊಡನೆ ‘ಇಂಗ್ಲಿಷ್’ ಎಂಬ ಹೆಸರಿನ ಒಂದು ಉಪಕರಣವು ಬಂದಿತು. ಅದನ್ನು ಸೇರಿಸಿಕೊಂಡರೆ ‘$/’ ಎಂಬುದರ ಬದಲಾಗಿ ‘ಇನ್‌ಪುಟ್ ರೆಕಾರ್ಡ್ ಸೆಪರೇಟರ್’ ಎಂಬ ಉದ್ದ ಹೆಸರನ್ನು ಬರೆಯಬಹುದು, ಮಿಕ್ಕವಕ್ಕೂ ಹೀಗೆಯೇ. ಲಾಘವವೇ ದೋಷವಾಗಿದ್ದ ಪಕ್ಷದಲ್ಲಿ ಎಲ್ಲರೂ ಇದನ್ನು ಅಪ್ಪಿಕೊಳ್ಳಬೇಕಾಗಿತ್ತು. ಹಾಗಾಗಲಿಲ್ಲ. ಅಭ್ಯಾಸಬಲವು ಒಂದು ಕಾರಣ. ಇನ್ನೊಂದು ಕಾರಣವು ಹೆಚ್ಚು ಬೋಧಪ್ರದವಾಗಿದೆ. ಮಾದರಿಗೆ ಹೊಂದಿದ ಭಾಗ, ಅದರ ಹಿಂದಿನ ಭಾಗ, ಮುಂದಿನ ಭಾಗ, ಇವನ್ನು ಹೇಳುವ ಮೂರು ಸಂಜ್ಞೆಗಳು ಪರ್ಲ್‌ನಲ್ಲಿವೆ. ಕ್ರಮವಿಧಿಯ ಯಾವುದೋ ಒಂದು ಮೂಲೆಯಲ್ಲಿ ಇವುಗಳಲ್ಲೊಂದನ್ನು ಒಂದು ಸಲ ಬರೆದರೂ ಸಾಕು, ಇಡೀ ಕ್ರಮವಿಧಿಯ ಎಲ್ಲ ಹೋಲಿಕೆಗಳಲ್ಲಿಯೂ ಪಠ್ಯದ ನಕಲನ್ನು ತೆಗೆದಿಡಬೇಕಾಗಿ ವೇಗವು ಕುಗ್ಗುತ್ತಿತ್ತು. ‘ಇಂಗ್ಲಿಷ್’ ಉಪಕರಣವು ಎಲ್ಲ ಸಂಜ್ಞೆಗಳಿಗೂ ಪರ್ಯಾಯನಾಮವನ್ನು ಕೊಡುತ್ತಿದ್ದುದರಿಂದ, ಅದನ್ನು ಸೇರಿಸಿಕೊಂಡವರೆಲ್ಲರೂ ತಮಗೆ ಬೇಡದ ಆ ಮೂರರ ದಂಡವನ್ನೂ ತೆರಬೇಕಾಯಿತು. ಆ ಮೂರನ್ನು ಬಿಟ್ಟು ಉಳಿದುದನ್ನು ಮಾತ್ರ ಕೊಡು ಎಂದು ಕೇಳುವ ಏರ್ಪಾಡು ಆಮೇಲೆ ಬಂದಿತು, ೨೦೧೪ರಲ್ಲಿ ೫.೨೦ನೆಯ ಆವೃತ್ತಿಯಲ್ಲಿ ನಕಲನ್ನು ಅಗತ್ಯ ಬಿದ್ದಾಗ ಮಾತ್ರ ಮಾಡುವ ಕ್ರಮದಿಂದ ಈ ದೋಷವು ನಿವಾರಣೆಯಾಯಿತು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಹೆಸರು ಉದ್ದವಾದರೂ ದಂಡವು ತಪ್ಪಲಿಲ್ಲ. ತಪ್ಪು ಹೆಸರಿನ ಅಳತೆಯಲ್ಲಿರಲಿಲ್ಲ. ಒಂದೆಡೆಯ ಹೆಸರು ಎಲ್ಲೆಡೆಯ ನಡೆಯನ್ನು ಕಟ್ಟುವುದರಲ್ಲಿದ್ದಿತು.

ಎಲ್ಲ ಸಂಜ್ಞೆಗಳಿಗೂ ಶಿರೋಮಣಿಯಾದ ‘$_’ ಎಂಬುದರ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಯುಕ್ತ. ‘ಬತ್ತವನ್ನು ತಂದು, ಒಣಗಿಸಿ, ಕುಟ್ಟಿ, ಕೇರಿ, ಅಳೆದಿಡು’ ಎಂಬ ವಾಕ್ಯದಲ್ಲಿ ಕರ್ಮಪದವು ಒಂದೇ ಸಲ ಬಂದಿದೆ. ಮುಂದಿನ ಕ್ರಿಯೆಗಳಿಗೆಲ್ಲ ಅದು ಅನುವೃತ್ತಿಯಿಂದ ಬರುತ್ತದೆ. ಪರ್ಲ್‌ನಲ್ಲಿ ಕಡತದಿಂದ ಪಂಕ್ತಿಗಳನ್ನು ಒಂದೊಂದಾಗಿ ಓದುವ ಆವರ್ತನವನ್ನು ಬರೆದರೆ, ಓದಿದ ಪಂಕ್ತಿಯು ತಾನಾಗಿಯೇ ‘$_’ ಎಂಬುದರಲ್ಲಿ ಕುಳಿತುಕೊಳ್ಳುತ್ತದೆ. ಅನಂತರ ಕೊನೆಯ ಗುರುತನ್ನು ಕತ್ತರಿಸು, ಮಾದರಿಗೆ ಹೋಲಿಸು, ಅಚ್ಚುಮಾಡು ಎಂಬ ಅಪ್ಪಣೆಗಳಿಗೆ ಕರ್ಮವನ್ನು ಹೇಳದಿದ್ದರೆ ಅದನ್ನೇ ಕರ್ಮವೆಂದು ಗ್ರಹಿಸಲಾಗುತ್ತದೆ. ಅಂದರೆ ಇದು ಗಣಕಭಾಷೆಯ ‘ಅದು’ ಎಂಬ ಸರ್ವನಾಮ. ಅನೇಕ ವೇಳೆ ಉಚ್ಚಾರಣೆಯನ್ನೂ ಬೇಡದ ಸರ್ವನಾಮ. ಸಹಜವಾದ ಭಾಷೆಯಲ್ಲಿ ಸೊಗಸಾಗಿರುವುದು ಇಲ್ಲಿಯೂ ಸೊಗಸೇ. ಇದನ್ನು ಹ್ರಸ್ವವೆಂದು ಹಳಿಯತಕ್ಕವರು ಬತ್ತದ ವಾಕ್ಯದಲ್ಲಿ ಐದು ಸಲ ಬತ್ತವನ್ನು ಹೇಳಿ ನೋಡಬೇಕು.

ತೊಡಕು ಬೇರೆ ಕಡೆ ಇದೆ. ಬತ್ತವನ್ನು ಕುಟ್ಟುತ್ತಿರುವ ನಡುವೆ ಒಬ್ಬ ಹುಡುಗನನ್ನು ಕರೆದು ‘ನೀರು ತಾ’ ಎಂದರೆ, ಅವನು ಕೊಡವನ್ನು ತಂದು ಬತ್ತವಿದ್ದ ಒರಳಿನೊಳಗೇ ಇಟ್ಟುಬಿಟ್ಟನೆಂದು ಊಹಿಸಬೇಕು. ಮುಂದಿನ ಒನಕೆಯ ಪೆಟ್ಟು ಕೊಡದ ಮೇಲೆ. ಪರ್ಲ್‌ನಲ್ಲಿ ಇದು ನಿಜವಾಗಿ ನಡೆಯುತ್ತದೆ. ಒಂದು ಪಟ್ಟಿಯ ಪದಾರ್ಥಗಳನ್ನು ಒಂದೊಂದಾಗಿ ತೆಗೆದುಕೊಳ್ಳುವ ಆವರ್ತನದಲ್ಲಿ ‘$_’ ಎಂಬುದು ಆ ಪದಾರ್ಥದ ನಕಲಲ್ಲ, ಆ ಪದಾರ್ಥವೇ. ಆ ಆವರ್ತನದೊಳಗಿಂದ ಬೇರೊಂದು ಉಪವಿಧಿಯನ್ನು ಕರೆದಾಗ, ಆ ಉಪವಿಧಿಯು ಒಂದು ಕಡತದ ಪಂಕ್ತಿಗಳನ್ನು ‘$_’ ಎಂಬುದರೊಳಕ್ಕೆ ಓದಿದರೆ, ಓದುವುದು ಮುಗಿಯುವ ಹೊತ್ತಿಗೆ ಅದು ಬರಿದಾಗಿರುತ್ತದೆ. ಕರೆದವನ ಪಟ್ಟಿಯ ಪದಾರ್ಥವೂ ಬರಿದಾಗುತ್ತದೆ. ಪಟ್ಟಿಯ ಆವರ್ತನವು ಹಿಂದಿನ ‘$_’ ಎಂಬುದನ್ನು ಕಾಪಾಡಿಟ್ಟು ಕೊನೆಗೆ ಹಿಂದಿರುಗಿಸುತ್ತದೆ, ಕಡತವನ್ನು ಓದುವ ಆವರ್ತನವು ಹಾಗೆ ಮಾಡುವುದಿಲ್ಲ, ಇದೇ ಮೂಲಕಾರಣ. ಇದರ ಪರಿಹಾರಕ್ಕಾಗಿ ‘ಲೋಕಲ್’ ಎಂಬ ಪದವುಂಟು. ಅದನ್ನು ಮುಂದಿಟ್ಟು ಸಂಜ್ಞೆಯನ್ನು ಬರೆದರೆ, ಆ ಖಂಡವು ಮುಗಿದ ಕೂಡಲೆ ಹಳೆಯ ಬೆಲೆಯು ಯಥಾಸ್ಥಾನಕ್ಕೆ ಬರುತ್ತದೆ. ಇಡೀ ಕಡತವನ್ನು ಒಂದೇ ಗುಕ್ಕಿನಲ್ಲಿ ಓದಬೇಕಾದವರು ‘$/’ ಎಂಬುದನ್ನು ಹೀಗೆಯೇ ತಾತ್ಕಾಲಿಕವಾಗಿ ಬರಿದುಮಾಡುವುದು ಪರ್ಲ್ ಬಲ್ಲವರೆಲ್ಲರಿಗೂ ಪರಿಚಿತವಾದ ಪ್ರಯೋಗ. ‘ಲೋಕಲ್’ ಎಂಬುದನ್ನು ಮರೆತರೆ, ಆಮೇಲೆ ಪಂಕ್ತಿಪಂಕ್ತಿಯಾಗಿ ಓದಬೇಕಾದ ಬೇರೆಯವರ ಉಪವಿಧಿಗಳೂ ಇಡೀ ಕಡತವನ್ನೇ ನುಂಗುತ್ತವೆ.

ಎಲ್ಲೆಯಿಲ್ಲದ ಸಂಜ್ಞೆಯು ಎಷ್ಟರ ಮಟ್ಟಿಗೆ ಕೆಡುಕುಮಾಡಬಲ್ಲದು ಎಂಬುದಕ್ಕೆ ಶೆಲ್ಲಿನಿಂದಲೇ ಒಂದು ದೃಷ್ಟಾಂತವನ್ನು ಕೊಡಬಹುದು. ಅಪ್ಪಣೆಯನ್ನು ಪದಪದವಾಗಿ ಒಡೆಯುವ ಗುರುತುಗಳು ಯಾವುವೆಂಬುದನ್ನು ಅದರಲ್ಲಿ ಐಎಫ್‌ಎಸ್ ಎಂಬ ಚರವು ಹೇಳುತ್ತದೆ. ಎಡೆ, ಟ್ಯಾಬ್, ಪಂಕ್ತಿಯ ಅಂತ್ಯ, ಇವು ಅದರ ಸಹಜವಾದ ಬೆಲೆ. ಹಳೆಯ ಶೆಲ್‌ಗಳು ಈ ಬೆಲೆಯನ್ನು ಕರೆದವನ ಪರಿಸರದಿಂದ ಹಾಗೆಯೇ ಸ್ವೀಕರಿಸುತ್ತಿದ್ದವು. ದುಷ್ಟನೊಬ್ಬನು ಅದಕ್ಕೆ ಓರೆಗೆರೆಯನ್ನು ಕೊಟ್ಟು, ಹೆಚ್ಚಿನ ಅಧಿಕಾರವುಳ್ಳ ಕ್ರಮವಿಧಿಯೊಂದನ್ನು ನಡೆಸಿದನೆಂದರೆ, ಅದರೊಳಗಿನ ‘/ಬಿನ್/ಮೇಲ್’ ಎಂಬ ಅಪ್ಪಣೆಯು ‘ಬಿನ್’, ‘ಮೇಲ್’ ಎಂದು ಎರಡು ಪದಗಳಾಗಿ ಒಡೆದು, ಅವನು ‘ಬಿನ್’ ಎಂಬ ಹೆಸರಿನಲ್ಲಿ ಇಟ್ಟಿದ್ದ ಸ್ವಂತ ಕ್ರಮವಿಧಿಯು ಆ ಹೆಚ್ಚಿನ ಅಧಿಕಾರದೊಡನೆ ನಡೆಯುತ್ತಿತ್ತು. ಈಚಿನ ಶೆಲ್‌ಗಳು ಆರಂಭದಲ್ಲಿಯೇ ಆ ಚರವನ್ನು ಸಹಜಸ್ಥಿತಿಗೆ ತರುತ್ತವೆ. ಐಎಫ್‌ಎಸ್ ಎಂಬುದು ಚಿಹ್ನೆಯಲ್ಲ, ಮೂರಕ್ಷರದ ಅನ್ವರ್ಥನಾಮ. ಓದಲು ಸುಲಭವಾಗಿದ್ದುದರಿಂದ ಅದು ಯಾರನ್ನೂ ಕಾಪಾಡಲಿಲ್ಲ.

ಈಗ ಪಾಣಿನಿಯ ಕಡೆಗೆ ತಿರುಗಬಹುದು. ಗಣಕಶಾಸ್ತ್ರಜ್ಞರು ಅವನನ್ನು ಸ್ಮರಿಸಿದುದು ಹೊಸತೇನಲ್ಲ. ಭಾಷೆಯ ನಿಯಮಗಳನ್ನು ಬರೆಯುವ ಬ್ಯಾಕಸ್ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಇಂಗರ್‌ಮನ್ ಎಂಬವರು ೧೯೬೭ರಲ್ಲಿಯೇ ಸೂಚಿಸಿದ್ದರು. ಆದರೆ ಅದು ನಿಯಮಗಳ ಆಕಾರಕ್ಕೆ ಸಂಬಂಧಪಟ್ಟುದು. ಪ್ರಕೃತಕ್ಕೆ ಬೇಕಾದುದು ಅಧಿಕಾರದ ವಿಚಾರ. ಅಷ್ಟಾಧ್ಯಾಯಿಯಲ್ಲಿ ಒಂದು ಸೂತ್ರದ ಪದವು ಮುಂದಿನ ಸೂತ್ರಗಳ ಮೇಲೆ ಅಧಿಕಾರವನ್ನು ನಡೆಸುವಾಗ ಅದಕ್ಕೊಂದು ಎಲ್ಲೆಯಿರಬೇಕೆಂಬ ಎಚ್ಚರವು ಸೂತ್ರಕಾರನಿಗಿದ್ದಿತು. ಒಂದಕ್ಕೆ ಒಂದೇ ಸಂಜ್ಞೆಯೆಂದು ವಿಧಿಸುವ ಮೊದಲನೆಯ ಅಧ್ಯಾಯದ ನಾಲ್ಕನೆಯ ಪಾದದ ಆದಿಸೂತ್ರವು, ಎರಡನೆಯ ಅಧ್ಯಾಯದ ಎರಡನೆಯ ಪಾದದ ಕೊನೆಯ ಸೂತ್ರದ ಪದವನ್ನು ಹೆಸರಿಸಿ, ತನ್ನ ಆಳ್ವಿಕೆ ಅಲ್ಲಿಯವರೆಗೆ ಎಂದು ತಾನೇ ಸಾರುತ್ತದೆ. ಬೇರೆ ಅಧಿಕಾರಪದಗಳಿಗೆ ಸ್ವರಿತಸ್ವರವನ್ನು ಗುರುತಾಗಿ ಇಟ್ಟಿದ್ದನು. ಪಾಠಪರಂಪರೆಯಲ್ಲಿ ಆ ಸ್ವರವು ಲುಪ್ತವಾಯಿತು. ಅಂದಿನಿಂದ ಅನುವೃತ್ತಿಯು ಎಲ್ಲಿಯವರೆಗೆ ಎಂಬುದೇ ವ್ಯಾಖ್ಯಾನಕಾರರ ವಾದಗಳಿಗೆ ತೌರುಮನೆಯಾಯಿತು. ಟಿ, ಘು ಎಂಬ ಹೆಸರುಗಳು ಚಿಕ್ಕವಾದುವೆಂದು ಯಾವ ಶಿಷ್ಯನೂ ದಾರಿತಪ್ಪಲಿಲ್ಲ. ದಾರಿತಪ್ಪಿದುದೆಲ್ಲ ಎಲ್ಲೆ ಕಾಣದಾದಾಗ.

ಪರ್ಲ್‌ನಲ್ಲಿ ಕಳಚಿಬಿದ್ದ ಸಂಜ್ಞೆಗಳನ್ನು ಈ ದೃಷ್ಟಿಯಿಂದ ನೋಡಬೇಕು. ‘$*’ ಎಂಬುದಕ್ಕೆ ಬೆಲೆಯನ್ನಿತ್ತರೆ ಅಲ್ಲಿಂದ ಮುಂದಿನ ಮಾದರಿಗಳೆಲ್ಲವೂ ಹಲವು ಪಂಕ್ತಿಗಳ ಪಠ್ಯವನ್ನು ಬೇರೆ ರೀತಿಯಲ್ಲಿ ನೋಡುತ್ತಿದ್ದವು. ಐದನೆಯ ಆವೃತ್ತಿಯಲ್ಲಿ ಆ ಅಭಿಪ್ರಾಯವನ್ನು ಆಯಾ ಮಾದರಿಯ ಬಾಲಕ್ಕೆ ಒಂದಕ್ಷರವಾಗಿ ಅಂಟಿಸುವ ಕ್ರಮವು ಬಂದಿತು, ೨೦೦೭ರ ೫.೧೦ನೆಯ ಆವೃತ್ತಿಯಲ್ಲಿ ‘$*’ ಹೊರಟುಹೋಯಿತು. ಅದರ ಬದಲಿಗೆ ಬಂದುದು ಉದ್ದವಾದ ಹೆಸರಲ್ಲ. ಇನ್ನೂ ಚಿಕ್ಕದಾದ, ಆದರೆ ತನ್ನ ಮನೆಯನ್ನು ಬಿಟ್ಟು ಹೊರಡದ ಒಂದು ಅನುಬಂಧ.

ಇಲ್ಲಿ ಒಂದು ಶಂಕೆಯು ಹುಟ್ಟಬಹುದು. ಹಾಗಾದರೆ ಎಲ್ಲ ಸಂಜ್ಞೆಗಳನ್ನೂ ಆಯಾ ಖಂಡದ ಸ್ವಂತ ಸೊತ್ತಾಗಿ ಮಾಡಿಬಿಡಬಾರದೇಕೆ? ಅದನ್ನೂ ಮಾಡಿ ನೋಡಿದ್ದಾಯಿತು. ಅದೇ ೫.೧೦ನೆಯ ಆವೃತ್ತಿಯಲ್ಲಿ ‘ಮೈ’ ಎಂಬ ಪದವನ್ನು ಸೇರಿಸಿ ‘$_’ ಎಂಬುದನ್ನು ಖಾಸಗಿಯಾಗಿ ಘೋಷಿಸಲು ಅವಕಾಶವಿತ್ತರು. ಆದರೆ ಪಟ್ಟಿಗಳನ್ನು ಪರಿಶೀಲಿಸುವ ಪ್ರಸಿದ್ಧ ಉಪವಿಧಿಗಳು ಸಾರ್ವತ್ರಿಕವಾದ ‘$_’ ಎಂಬುದರಲ್ಲಿಯೇ ಪದಾರ್ಥವನ್ನು ಇಡುತ್ತಿದ್ದವು. ಕರೆದವನ ಖಂಡವು ತನ್ನ ಖಾಸಗಿಯನ್ನು ನೋಡುತ್ತಿದ್ದಿತು. ಇಬ್ಬರೂ ‘ಅದು’ ಎನ್ನುತ್ತಿದ್ದರು, ಇಬ್ಬರ ‘ಅದು’ ಬೇರೆಬೇರೆ. ೨೦೧೩ರ ೫.೧೮ರಲ್ಲಿ ಇದನ್ನು ಪ್ರಾಯೋಗಿಕವೆಂದು ಕೆಳಗಿಳಿಸಿ, ೨೦೧೬ರ ೫.೨೪ರಲ್ಲಿ ತೆಗೆದುಹಾಕಿದರು. ಆದುದರಿಂದ ಎಲ್ಲೆಯನ್ನು ಹೇಗೆಂದರೆ ಹಾಗೆ ಹಾಕುವುದೂ ಸಲ್ಲದು. ಸರ್ವನಾಮವು ಮಾತಾಡುವವನಿಗೂ ಕೇಳುವವನಿಗೂ ಸಮಾನವಾಗಿರಬೇಕು. ಅದರ ಕಾಲಕ್ಕೆ ಎಲ್ಲೆ ಹಾಕಬಹುದು, ಅದರ ಸಂವೇದ್ಯತೆಗೆ ಹಾಕಲಾಗದು. ‘ಲೋಕಲ್’ ಉಳಿದು ಈ ‘ಮೈ’ ಅಳಿದುದಕ್ಕೆ ಇದೇ ಉಪಪತ್ತಿ.

ಭಾಷೆಯನ್ನು ಬುಡದಿಂದ ಪುನಾರಚಿಸುವ ಪ್ರಯತ್ನವು ೨೦೦೦ದಲ್ಲಿ ಆರನೆಯ ಪರ್ಲ್ ಎಂಬ ಹೆಸರಿನಿಂದ ಆರಂಭವಾಗಿ, ೨೦೧೫ನೆಯ ಡಿಸೆಂಬರಿನಲ್ಲಿ ಫಲಿಸಿ, ೨೦೧೯ರಲ್ಲಿ ರಾಕು ಎಂಬ ಬೇರೆ ಹೆಸರನ್ನು ಪಡೆಯಿತು. ಅದರಲ್ಲಿ ವಿರಾಮಚಿಹ್ನೆಯ ಸಂಜ್ಞೆಗಳು ಬಹುಮಟ್ಟಿಗೆ ಇಲ್ಲ. ಆದರೆ ‘$_’ ಇದೆ, ‘$!’ ಇದೆ; ‘$/’ ಸಹ ಇದೆ, ಅರ್ಥ ಮಾತ್ರ ಬದಲಾಗಿ ಮಾದರಿಗೆ ಹೊಂದಿದ ಭಾಗಕ್ಕೆ ಸಂದಿದೆ. ಈ ಮೂರೂ ಅಲ್ಲಿ ಪ್ರತಿಯೊಂದು ಉಪವಿಧಿಗೂ ಪ್ರತ್ಯೇಕ. ಉಪವಿಧಿಗಳನ್ನು ಮೊದಲಿನಿಂದಲೇ ಹಾಗೆ ಕಟ್ಟಿರುವುದರಿಂದ ಹಳೆಯ ವಿಸಂವಾದವು ಹುಟ್ಟುವುದಿಲ್ಲ. ಕರೆದವನಿಂದ ಕರೆಯಿಸಿಕೊಂಡವನಿಗೆ ಹರಿದುಹೋಗುವ ವಿಶೇಷ ಚರಗಳಿಗೆ ಅಲ್ಲಿ ಡಾಲರ್ ಗುರುತಿನ ಬೆನ್ನಿಗೇ ಒಂದು ನಕ್ಷತ್ರಚಿಹ್ನೆಯನ್ನು ಇಡಬೇಕು. ಕ್ರಮವಿಧಿಯನ್ನು ಅನುವಾದಿಸುವ ಕಾಲದಲ್ಲಿಯೇ ನಿಶ್ಚಿತವಾಗುವವಕ್ಕೆ ಪ್ರಶ್ನೆಚಿಹ್ನೆಯನ್ನು ಇಡಬೇಕು. ಹೆಸರನ್ನು ಕಂಡೊಡನೆಯೇ ಅದರ ಅಧಿಕಾರವು ಎಂತಹುದೆಂಬುದು ತಿಳಿಯುತ್ತದೆ. ಪಾಣಿನಿಯ ಸ್ವರಿತವು ಬಾಯಿಂದ ಬಾಯಿಗೆ ಬರುವಾಗ ಕಳೆದುಹೋಯಿತು. ಇದು ಅಕ್ಷರವಾಗಿರುವುದರಿಂದ ಕಳೆಯುವ ಭಯವಿಲ್ಲ.

ಕಡೆಯಲ್ಲಿ ‘$[’ ಎಂಬುದೊಂದು ಉಳಿದಿದೆ. ಪಟ್ಟಿಯ ಮೊದಲನೆಯ ಪದಾರ್ಥದ ಸ್ಥಾನಸಂಖ್ಯೆಯು ಸೊನ್ನೆಯೋ ಒಂದೋ ಎಂಬುದನ್ನು ಇದು ನಿರ್ಣಯಿಸುತ್ತಿತ್ತು. ಪರ್ಲ್ ಸೊನ್ನೆಯಿಂದ ಎಣಿಸುತ್ತದೆ, ಆಕ್ ಒಂದರಿಂದ. ಆಕ್‌ನ ಕ್ರಮವಿಧಿಗಳನ್ನು ಪರ್ಲ್‌ಗೆ ತಿರುಗಿಸಿಕೊಡುವ ಉಪಕರಣವೊಂದನ್ನು ವಾಲ್ ಅವರು ಭಾಷೆಯೊಡನೆಯೇ ಕೊಟ್ಟಿದ್ದರು, ಅದು ತಿರುಗಿಸಿದ ಕ್ರಮವಿಧಿಗಳ ತಲೆಯ ಮೇಲೆ ‘$[’ ಎಂಬುದಕ್ಕೆ ಒಂದು ಎಂಬ ಬೆಲೆಯನ್ನು ಕೊಡುವ ಪಂಕ್ತಿಯು ಇರುತ್ತಿತ್ತು. ವಲಸೆ ಬಂದವರಿಗೆ ತವರಿನ ಎಣಿಕೆಯನ್ನು ಉಳಿಸಿಕೊಡುವ ದಾಕ್ಷಿಣ್ಯವದು. ಆದರೆ ಒಬ್ಬನು ಬದಲಿಸಿದರೆ ಬೇರೆಯವರ ಪಟ್ಟಿಗಳೂ ಒಂದೊಂದು ಸ್ಥಾನ ಸರಿಯುತ್ತಿದ್ದವು. ಐದನೆಯ ಆವೃತ್ತಿಯಲ್ಲಿ ಅದರ ಆಳ್ವಿಕೆಯನ್ನು ಅದನ್ನು ಬರೆದ ಕಡತಕ್ಕೆ ಮಾತ್ರ ಕಟ್ಟಿದರು, ೨೦೧೦ರ ೫.೧೨ರಲ್ಲಿ ಬಳಸಬಾರದೆಂದು ಎಚ್ಚರಿಸಿದರು. ಆ ತಿರುಗಿಸುವ ಉಪಕರಣವನ್ನು ೨೦೧೫ರ ೫.೨೨ರಲ್ಲಿ ಮೂಲಸಾಮಗ್ರಿಯಿಂದ ಬಿಟ್ಟರು. ೨೦೧೯ರ ೫.೩೦ರಿಂದ ಈಚೆಗೆ ‘$[’ ಎಂಬ ಹೆಸರು ಭಾಷೆಯಲ್ಲಿದೆ, ಕೇಳಿದರೆ ಸೊನ್ನೆಯೆಂದು ಉತ್ತರಿಸುತ್ತದೆ, ಸೊನ್ನೆಯನ್ನು ಕೊಟ್ಟರೆ ಸ್ವೀಕರಿಸುತ್ತದೆ; ಬೇರೆ ಯಾವ ಸಂಖ್ಯೆಯನ್ನು ಕೊಟ್ಟರೂ ಕ್ರಮವಿಧಿಯು ಅಲ್ಲಿಯೇ ನಿಂತುಹೋಗುತ್ತದೆ.